ನಾಸ್ಕಾರ್: ರೇಸ್‌ಗೆ ಪೂರ್ತಿ ಅಂಕ, ರೂಲ್ಸ್‌ಗೆ ಅರ್ಧ

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ನಾಸ್ಕಾರ್ ಕಾರ್ ರೇಸನ್ನು ಒಂದು ಸಲವಾದರೂ ಟ್ರ್ಯಾಕ್‌ಗೇ ಹೋಗಿ ನೋಡಬೇಕು. ಕೊಟ್ಟ ದುಡ್ಡಿಗೆ ಮೋಸವಿಲ್ಲ. ನನ್ನ ತಕರಾರು ಇರುವುದು ರೇಸ್ ಬಗ್ಗೆ ಅಲ್ಲ, ಅದರ ತಲೆಯ ಮೇಲೆ ಹೇರಿರುವ ರೂಲ್ಸ್ ಬಗ್ಗೆ. ಇಪ್ಪತ್ತು ವರ್ಷದಿಂದ ಇದನ್ನು ನಡೆಸುವ ನಾಸ್ಕಾರ್ ಸಂಸ್ಥೆಯವರು ರೋಚಕತೆಯನ್ನು ರೂಲ್ ಬರೆದು ತರಿಸಲು ನೋಡಿದ್ದಾರೆ. ಆದರೆ ಒಳ್ಳೆಯ ರೇಸ್‌ಗಳೆಲ್ಲ ಒಳ್ಳೆಯ ಟೈರ್, ಒಳ್ಳೆಯ ಟ್ರ್ಯಾಕ್, ಒಳ್ಳೆಯ ಡ್ರೈವರ್‌ಗಳಿಂದಲೇ ಬಂದಿವೆ.

ನಾರ್ತ್ ಕ್ಯಾರೊಲಿನಾದ ಶಾರ್ಲೆಟ್ ಸುತ್ತಮುತ್ತ ಬ್ಯಾಂಕ್, ಐಟಿ ಕೆಲಸಕ್ಕೆ ಬಂದ ಕನ್ನಡಿಗರು ಸಾಕಷ್ಟು ಜನ ಇದ್ದೇವೆ. ಯುಗಾದಿ, ರಾಜ್ಯೋತ್ಸವ ಅಂದರೆ ಸೇರುತ್ತೇವೆ, ಐಪಿಎಲ್ ಅಂದರೆ ಬೆಳಗಿನ ಮೀಟಿಂಗ್ ಮುಂದೆ ಹಾಕುತ್ತೇವೆ. ಆದರೆ ಪಕ್ಕದ ಕಾಂಕರ್ಡ್‌ನಲ್ಲೇ ಇರುವ ಶಾರ್ಲೆಟ್ ಮೋಟಾರ್ ಸ್ಪೀಡ್‌ವೇಗೆ ಹೋಗಿಬಂದವರು ಕಡಿಮೆ. ಹೆಂಡ್ರಿಕ್ ತಂಡದ ಕಾರ್ಖಾನೆ ಅಲ್ಲೇ ಹತ್ತಿರ. ಜೋ ಗಿಬ್ಸ್ ತಂಡ ಹಂಟರ್ಸ್‌ವಿಲ್‌ನಲ್ಲಿ, ಪೆನ್ಸ್ಕಿ ತಂಡ ಮೂರ್ಸ್‌ವಿಲ್‌ನಲ್ಲಿ. ನಾವು ತರಕಾರಿ ತರಲು ಹೋಗುವ ದೂರದಲ್ಲಿ ಇಡೀ ಆಟದ ಯಂತ್ರಶಾಲೆಯೇ ಇದೆ. ಆದರೂ ಕೇಳಿದರೆ ಒಂದೇ ಉತ್ತರ, "ಎಡಕ್ಕೆ ತಿರುಗಿಸ್ಕೊಂಡು ಸುತ್ತು ಹೊಡೆಯೋದರಲ್ಲಿ ಏನಿದೆ ಮಾರಾಯ ನೋಡೋಕೆ?"

ಏನಿದೆ ಅಂತ ಟಿವಿಯಲ್ಲಿ ಗೊತ್ತಾಗುವುದಿಲ್ಲ. 40 ಕಾರುಗಳು ಒಟ್ಟಿಗೆ ಮುಖ್ಯ ಗ್ಯಾಲರಿಯ ಮುಂದೆ ಹಾದುಹೋದಾಗ ಆ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ. ಆಮೇಲೆ ಕಣ್ಣು ಪಳಗುತ್ತದೆ. ಒಬ್ಬ ಕೆಳಗಿನ ದಾರಿ ಹಿಡಿದಿದ್ದಾನೆ, ಇನ್ನೊಬ್ಬ ಗೋಡೆಯ ಪಕ್ಕ ಒಂದು ಗೇಣು ಬಿಟ್ಟು ಹೋಗುತ್ತಿದ್ದಾನೆ, ಇಪ್ಪತ್ತು ಸುತ್ತು ಕಳೆದ ಮೇಲೆ ಕೆಳಗಿನವನ ಟೈರ್ ಸವೆದು ಮೇಲಿನವನು ನಿಧಾನಕ್ಕೆ ಹತ್ತಿರ ಬರುತ್ತಿದ್ದಾನೆ, ಇದನ್ನೆಲ್ಲ ನೀವೇ ಕಂಡುಹಿಡಿಯಲು ಶುರುಮಾಡುತ್ತೀರಿ. ಸ್ಕ್ಯಾನರ್ ಅಂತ ಒಂದು ಸಾಧನ ಬಾಡಿಗೆಗೆ ಸಿಗುತ್ತದೆ. ಹೆಡ್‌ಫೋನ್ ಹಾಕಿಕೊಂಡರೆ ಡ್ರೈವರ್ ತನ್ನ ತಂಡದ ಜೊತೆ ಆಡುವ ಮಾತು ನೇರವಾಗಿ ಕೇಳುತ್ತದೆ. ಕಾರು ಸರಿಯಾಗಿ ತಿರುಗುತ್ತಿಲ್ಲ ಅಂತ ಬೈಯುವುದು, ಎತ್ತರದಿಂದ ನೋಡಿ ಸುತ್ತಲಿನ ಕಾರುಗಳ ಸುಳಿವು ಕೊಡುವ ಸ್ಪಾಟರ್ "ಹೊರಗಡೆ ಇದ್ದಾನೆ, ಇನ್ನೂ ಇದ್ದಾನೆ" ಅನ್ನುತ್ತಿರುವುದು, ಎಲ್ಲ ಕೇಳಬಹುದು. ಆಟ ನಡೆಯುತ್ತಿರುವಾಗಲೇ ಆಟಗಾರನ ಕಿವಿಯೊಳಗಿನ ಮಾತನ್ನು ಪ್ರೇಕ್ಷಕನಿಗೂ ಹೀಗೆ ಕೇಳಿಸುವ ಇಷ್ಟು ದೊಡ್ಡ ಆಟ ನಾನು ಬೇರೆ ಕಂಡಿಲ್ಲ. ದಯವಿಟ್ಟು ಬಾಡಿಗೆಗೆ ತೆಗೆದುಕೊಳ್ಳಿ.

ಒಳ್ಳೆಯ ರೇಸ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು 2025ರ ಕೋಕ-ಕೋಲ 600 ಹೆಸರು ಹೇಳುತ್ತೇನೆ. ಮೇ ತಿಂಗಳ ಕೊನೆಗೆ ಬರುವ ಮೆಮೋರಿಯಲ್ ಡೇ ರಜೆಯ ವಾರಾಂತ್ಯ ಶಾರ್ಲೆಟ್‌ನಲ್ಲಿ ನಡೆಯುವ ರೇಸ್ ಅದು. ಒಂದೂವರೆ ಮೈಲಿಯ ಟ್ರ್ಯಾಕ್, 400 ಸುತ್ತು, 600 ಮೈಲಿ. ನಾಸ್ಕಾರ್‌ನಲ್ಲಿ ಇದಕ್ಕಿಂತ ಉದ್ದದ ರೇಸ್ ಇಲ್ಲ. ಸಂಜೆ ಬಿಸಿಲಲ್ಲಿ ಶುರುವಾಗಿ ರಾತ್ರಿ ದೀಪದ ಕೆಳಗೆ ಮುಗಿಯುತ್ತದೆ. ಟ್ರ್ಯಾಕ್ ತಣ್ಣಗಾದಂತೆ ಕಾರಿನ ಹಿಡಿತವೂ ಬದಲಾಗುತ್ತದೆ, ಹಾಗಾಗಿ ಆರು ಗಂಟೆಗೆ ಓಡುತ್ತಿದ್ದ ಕಾರು ಒಂಬತ್ತಕ್ಕೆ ಓಡಬೇಕು ಅಂತೇನಿಲ್ಲ. ಆ ವರ್ಷ ವಿಲಿಯಂ ಬೈರನ್ ಬರೋಬ್ಬರಿ 283 ಸುತ್ತು ಮೊದಲ ಸ್ಥಾನದಲ್ಲಿದ್ದರು. ರಾಸ್ ಚಾಸ್ಟೇನ್ ಹಿಂದಿನ ದಿನ ಅಭ್ಯಾಸದಲ್ಲಿ ಟೈರ್ ಸಿಡಿದು ಕಾರು ಜಖಂ ಮಾಡಿಕೊಂಡಿದ್ದರು. ತಂಡದವರು ರಾತ್ರಿ ನಿದ್ದೆ ಬಿಟ್ಟು ಇನ್ನೊಂದು ಕಾರು ಸಿದ್ಧಮಾಡಿದರು. ಕೊನೆಯ ಸ್ಥಾನದಿಂದ, ಅಂದರೆ 40ನೆಯವರಾಗಿ ಹೊರಟು, ಇನ್ನು ಆರು ಸುತ್ತು ಇದೆ ಅನ್ನುವಾಗ ಬೈರನ್‌ರನ್ನು ದಾಟಿ ಗೆದ್ದರು. ಚಾಸ್ಟೇನ್ ಫ್ಲಾರಿಡಾದ ಕಲ್ಲಂಗಡಿ ಬೆಳೆಗಾರರ ಮನೆಯವರು. ಗೆದ್ದಾಗ ಕಾರಿನ ಮೇಲೆ ಹತ್ತಿ ಕಲ್ಲಂಗಡಿ ಹಣ್ಣನ್ನು ನೆಲಕ್ಕೆ ಅಪ್ಪಳಿಸುವುದು ಅವರ ಪದ್ಧತಿ.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಕೊನೆಯ ಹಣಾಹಣಿ ನಡೆದಾಗ, ಅಪಘಾತವಾದರೆ ಎಲ್ಲರನ್ನೂ ನಿಧಾನಮಾಡಿ ಒಟ್ಟುಗೂಡಿಸುವ ಹಳದಿ ಬಾವುಟ ಇರಲಿಲ್ಲ. ಹೆಚ್ಚುವರಿ ಸುತ್ತುಗಳ ಓವರ್‌ಟೈಮ್ ಇರಲಿಲ್ಲ. ಯಾರೂ ಯಾರನ್ನೂ ಗುದ್ದಿ ತಳ್ಳಲಿಲ್ಲ. ಒಬ್ಬ ವೇಗವಾಗಿದ್ದ, ಇನ್ನೊಬ್ಬ ಅವನಿಗಿಂತ ಸ್ವಲ್ಪ ಹೆಚ್ಚು ವೇಗವಾದ, ಅಷ್ಟೇ.

ಈಗ ಅದೇ ವರ್ಷದ ನವೆಂಬರ್ 2ಕ್ಕೆ ಬನ್ನಿ. ಫೀನಿಕ್ಸ್‌ನಲ್ಲಿ ಕೊನೆಯ ರೇಸ್. ನಾಲ್ಕೇ ಜನ ಪ್ರಶಸ್ತಿಯ ಕಣದಲ್ಲಿ. ಆ ನಾಲ್ವರಲ್ಲಿ ಯಾರು ಮುಂದೆ ಮುಗಿಸುತ್ತಾರೋ ಅವರೇ ವರ್ಷದ ಚಾಂಪಿಯನ್. ಡೆನ್ನಿ ಹ್ಯಾಮ್ಲಿನ್ 208 ಸುತ್ತು ಮುಂದಿದ್ದರು. ಆ ವರ್ಷ ಆರು ರೇಸ್ ಗೆದ್ದಿದ್ದರು. ಒಟ್ಟು 60 ಗೆಲುವು, ಎರಡು ದಶಕದ ದುಡಿಮೆ, ಒಂದೂ ಚಾಂಪಿಯನ್‌ಷಿಪ್ ಇಲ್ಲ. ನಮಗೆ ಆ ನೋವು ಬಿಡಿಸಿ ಹೇಳಬೇಕಾಗಿಲ್ಲ. 18ನೇ ಸೀಸನ್‌ವರೆಗೂ "ಈ ಸಲ ಕಪ್ ನಮ್ದೇ" ಅಂತ ಕೂಗಿಕೊಂಡು ಬಂದ ಆರ್‌ಸಿಬಿ ಅಭಿಮಾನಿಗಳಿಗಿಂತ ಚೆನ್ನಾಗಿ ಹ್ಯಾಮ್ಲಿನ್ ಅಭಿಮಾನಿಗಳನ್ನು ಅರ್ಥ ಮಾಡಿಕೊಳ್ಳುವವರು ಯಾರಿದ್ದಾರೆ? ಮೂರು ಸುತ್ತು ಬಾಕಿ ಇರುವಾಗ ಬೈರನ್ ಕಾರಿನ ಟೈರ್ ಹೋಯಿತು, ಗೋಡೆಗೆ ಬಡಿಯಿತು, ಹಳದಿ ಬಾವುಟ ಬಂತು. ಎಲ್ಲರೂ ಟೈರ್ ಬದಲಿಸಿ ಪೆಟ್ರೋಲ್ ತುಂಬಿಸುವ ಜಾಗವಾದ ಪಿಟ್‌ಗೆ ಬಂದರು. ಹ್ಯಾಮ್ಲಿನ್ ತಂಡ ನಾಲ್ಕು ಟೈರ್ ಬದಲಿಸಿತು, ಕೈಲ್ ಲಾರ್ಸನ್ ತಂಡ ಎರಡೇ ಬದಲಿಸಿ ಮುಂದೆ ಹೊರಟಿತು. ಓವರ್‌ಟೈಮ್‌ನ ಎರಡು ಸುತ್ತಿನಲ್ಲಿ ಅಷ್ಟು ಕಾರುಗಳನ್ನು ದಾಟಲು ಹ್ಯಾಮ್ಲಿನ್‌ಗೆ ಆಗಲಿಲ್ಲ. ರೇಸ್ ಗೆದ್ದಿದ್ದು ಆ ನಾಲ್ವರಲ್ಲಿ ಇಲ್ಲದ ರಯಾನ್ ಬ್ಲೇನಿ. ಚಾಂಪಿಯನ್ ಆಗಿದ್ದು ಮೂರನೆಯವರಾಗಿ ಮುಗಿಸಿದ ಲಾರ್ಸನ್, ಆ ರೇಸ್‌ನಲ್ಲಿ ಒಂದು ಸುತ್ತೂ ಮುಂದಿರದೆ.

ಲಾರ್ಸನ್ ಬಗ್ಗೆ ನನಗೆ ಬೇಜಾರಿಲ್ಲ. ಈಗಿನ ಡ್ರೈವರ್‌ಗಳಲ್ಲಿ ಅವರಷ್ಟು ಕೈಚಳಕ ಇರುವವರು ಕಡಿಮೆ. ಎರಡು ಟೈರ್ ತೀರ್ಮಾನವೂ ಜಾಣತನದ್ದೇ. ಆದರೆ 36 ರೇಸ್ ನಡೆಸಿ, ಫೆಬ್ರವರಿಯಿಂದ ನವೆಂಬರ್‌ವರೆಗೆ ದೇಶ ಸುತ್ತಿಸಿ, ಎಲ್ಲವನ್ನೂ ಎರಡು ಸುತ್ತಿನ ಮೇಲೆ ಇಡುವುದು ಯಾವ ನ್ಯಾಯ?

ಇದು ಶುರುವಾಗಿದ್ದು ಹೇಗೆ ಅಂದರೆ, 2003ರಲ್ಲಿ ಮ್ಯಾಟ್ ಕೆನ್ಸೆತ್ ಒಂದೇ ಒಂದು ರೇಸ್ ಗೆದ್ದು ಚಾಂಪಿಯನ್ ಆದರು. ಆ ವರ್ಷ ಎಂಟು ಗೆದ್ದಿದ್ದ ರಯಾನ್ ನ್ಯೂಮನ್ ಆಗಲಿಲ್ಲ. ಸಪ್ಪೆಯಾಯಿತು ಅಂತ ಜನ ಗೊಣಗಿದರು. 2004ರಲ್ಲಿ ಕೊನೆಯ ಹತ್ತು ರೇಸ್‌ಗೆ ಅಂಕದಲ್ಲಿ ಮೇಲಿರುವ ಕೆಲವರೇ ಪ್ರಶಸ್ತಿಗೆ ಸೆಣಸುವ ಚೇಸ್ ಅನ್ನುವ ಪದ್ಧತಿ ತಂದರು. ಅಲ್ಲಿಂದ ತಿದ್ದುವುದು ನಿಲ್ಲಲೇ ಇಲ್ಲ. 2014ರಲ್ಲಿ ಆ ಹತ್ತು ರೇಸ್ ಹಂತ ಹಂತವಾಗಿ ಜನರನ್ನು ಹೊರಹಾಕುವ 16 ಜನರ ನಾಕೌಟ್ ಪ್ಲೇಆಫ್ ಆಯಿತು, ಮೊದಲ 26 ರೇಸ್‌ನಲ್ಲಿ ಒಂದು ಗೆದ್ದರೆ ಸಾಕು, ಪ್ಲೇಆಫ್‌ನಲ್ಲಿ ಜಾಗ ಸಿಗುವ ಹಾಗಾಯಿತು. ಮಜಾ ನೋಡಿ, ಒಂದೇ ಗೆಲುವಿನವನು ಚಾಂಪಿಯನ್ ಆಗಬಾರದು ಅಂತ ಶುರುಮಾಡಿದ ಈ ಹಾದಿಯಲ್ಲಿ ಅದೇ 2014ರಲ್ಲಿ ನ್ಯೂಮನ್ ಒಂದೂ ಗೆಲ್ಲದೆ ಕೊನೆಯ ರೇಸ್‌ನಲ್ಲಿ ಎರಡನೆಯವರಾಗಿ, ಕೂದಲೆಳೆಯಲ್ಲಿ ಪ್ರಶಸ್ತಿ ಕಳೆದುಕೊಂಡರು. 2017ರಲ್ಲಿ ಸ್ಟೇಜ್‌ಗಳು ಬಂದವು. ಒಂದು ರೇಸನ್ನು ಮೂರು ಭಾಗ ಮಾಡಿ, ಪ್ರತಿ ಭಾಗದ ಕೊನೆಗೆ ಹಳದಿ ಬಾವುಟ ತೋರಿಸಿ ಎಲ್ಲರನ್ನೂ ಮತ್ತೆ ಒಟ್ಟುಗೂಡಿಸುವುದು. ಸ್ಟೇಜ್‌ನ ಅಂಕ ಇರಲಿ, ಅದಕ್ಕೆ ನನ್ನ ಅಭ್ಯಂತರವಿಲ್ಲ, ಮಧ್ಯದಲ್ಲೂ ಹೋರಾಡಲು ಕಾರಣ ಸಿಗುತ್ತದೆ. ಆದರೆ ಯಾರೂ ಗುದ್ದಿಲ್ಲ, ಟ್ರ್ಯಾಕ್ ಮೇಲೆ ಏನೂ ಬಿದ್ದಿಲ್ಲ, ಸುಮ್ನೆ ರೇಸ್ ನಿಲ್ಲಿಸುವುದು ಯಾಕೆ? ಒಬ್ಬ ಐವತ್ತು ಸುತ್ತು ಬೆವರು ಸುರಿಸಿ ಗಳಿಸಿದ ಅಂತರವನ್ನು ಒಂದು ಬಾವುಟ ಅಳಿಸಿಹಾಕುತ್ತದೆ. ಟಿವಿಯವರಿಗೆ ಜಾಹೀರಾತಿಗೆ ಜಾಗ ಸಿಗುತ್ತದೆ ಅನ್ನುವುದು ಬಿಟ್ಟರೆ ನನಗೆ ಬೇರೆ ಲಾಭ ಕಾಣುತ್ತಿಲ್ಲ.

ರೂಲ್ಸ್ ಹೇಗೋ ಡ್ರೈವರ್‌ಗಳು ಹಾಗೆ. 2024ರ ಆಗಸ್ಟ್‌ನಲ್ಲಿ ರಿಚ್ಮಂಡ್‌ನಲ್ಲಿ ಆಸ್ಟಿನ್ ಡಿಲನ್ ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಮೊದಲು ಜೋಯಿ ಲೊಗಾನೊರನ್ನು, ಆಮೇಲೆ ಹ್ಯಾಮ್ಲಿನ್‌ರನ್ನು ಗುದ್ದಿ ಗೆದ್ದರು. ಅಂಕಪಟ್ಟಿಯಲ್ಲಿ ತುಂಬಾ ಕೆಳಗಿದ್ದ ಅವರಿಗೆ ಆ ಒಂದು ಗೆಲುವು ಪ್ಲೇಆಫ್ ಬಾಗಿಲು. ಆಮೇಲೆ ಸಂಸ್ಥೆಯವರು ಗೆಲುವನ್ನು ಉಳಿಸಿ, ಪ್ಲೇಆಫ್ ಜಾಗವನ್ನು ಮಾತ್ರ ಕಿತ್ತುಕೊಂಡರು. ಅದೇ ವರ್ಷ ಮಾರ್ಟಿನ್ಸ್‌ವಿಲ್‌ನಲ್ಲಿ ಕೊನೆಯ ನಾಲ್ಕರ ಜಾಗಕ್ಕಾಗಿ ಒಂದೇ ಕಂಪನಿಯ ಕಾರುಗಳವರು ಪರಸ್ಪರ ಸಹಾಯ ಮಾಡಿಕೊಂಡರು ಅಂತ ಹಲವು ತಂಡಗಳಿಗೆ ದಂಡ ಬಿತ್ತು. ಆ ವರ್ಷ ಕೊನೆಗೆ ಚಾಂಪಿಯನ್ ಆಗಿದ್ದು ಲೊಗಾನೊ. ಅವರು ಪ್ಲೇಆಫ್‌ನಿಂದ ಹೊರಬಿದ್ದಾಗಿತ್ತು. ಇನ್ನೊಬ್ಬ ಡ್ರೈವರ್ ಅಲೆಕ್ಸ್ ಬೋಮನ್ ಅವರ ಕಾರು ತೂಕದಲ್ಲಿ ಕಡಿಮೆ ಬಂದು ಅನರ್ಹವಾಯಿತು, ಹಾಗಾಗಿ ಲೊಗಾನೊ ವಾಪಸ್ ಬಂದರು. ಬಂದವರು ಮುಂದಿನ ವಾರ ಲಾಸ್ ವೇಗಾಸ್ ಗೆದ್ದರು, ಫೀನಿಕ್ಸ್ ಗೆದ್ದರು, ಮೂರನೇ ಪ್ರಶಸ್ತಿ ತೆಗೆದುಕೊಂಡರು. ಇದ್ದ ರೂಲ್‌ಗೆ ತಕ್ಕ ಹಾಗೆ ಆಡಿ ಗೆಲ್ಲುವುದೂ ಒಂದು ದೊಡ್ಡ ಸಾಮರ್ಥ್ಯವೇ. ಅವರನ್ನು ಬೈಯುವವರ ಜೊತೆ ನಾನಿಲ್ಲ.

ಹಾಗಾಗಿ 2026ಕ್ಕೆ ಸಂಸ್ಥೆಯವರು ನಾಕೌಟನ್ನು ಕೈಬಿಟ್ಟು ಚೇಸ್ ಪದ್ಧತಿಗೆ ಮರಳಿದ್ದು ನನಗೆ ನಿಜಕ್ಕೂ ಖುಷಿ ಕೊಟ್ಟಿದೆ. 26 ರೇಸ್ ಆದ ಮೇಲೆ ಅಂಕದಲ್ಲಿ ಮೇಲಿರುವ 16 ಜನ ಒಳಗೆ. ಒಂದು ಗೆಲುವಿಗೆ ನೇರ ಪ್ರವೇಶವಿಲ್ಲ. ಕೊನೆಯ ಹತ್ತು ರೇಸ್‌ನ ಅಂಕ ಯಾರದ್ದು ಜಾಸ್ತಿಯೋ ಅವರೇ ಚಾಂಪಿಯನ್. ಗೆದ್ದವನಿಗೆ 40 ಬದಲು 55 ಅಂಕ. ಹಳೆಯ ಕಾಲದ ಅಭಿಮಾನಿಗಳು 36 ರೇಸ್‌ನ ಅಂಕವನ್ನೂ ಪೂರ್ತಿ ಎಣಿಸಿ ಅಂತಲೇ ಕೇಳುತ್ತಿದ್ದರು. ನನ್ನ ಮನಸ್ಸೂ ಅದೇ ಕಡೆ. ಆದರೂ ಒಂದು ಟೈರ್ ಸಿಡಿದರೆ ಇಡೀ ವರ್ಷ ಮುಳುಗುವ ಸ್ಥಿತಿ ಹೋಯಿತಲ್ಲ, ಅದು ಸಣ್ಣ ವಿಷಯವಲ್ಲ. ಈಗ ದಯವಿಟ್ಟು ಇದನ್ನು ಹತ್ತು ವರ್ಷ ಮುಟ್ಟದೆ ಬಿಡಲಿ.

ಕಾರಿನ ವಿಷಯ. 2022ರಲ್ಲಿ ನೆಕ್ಸ್ಟ್ ಜೆನ್ ಅನ್ನುವ ಹೊಸ ಕಾರು ಬಂತು. ಚಕ್ರಕ್ಕೆ ಐದು ನಟ್ ಬದಲು ಒಂದೇ ನಟ್, 18 ಇಂಚು ವ್ಯಾಸದ ಅಗಲವಾದ ಚಕ್ರ, ಬಹುತೇಕ ಬಿಡಿಭಾಗಗಳು ಎಲ್ಲರಿಗೂ ಒಂದೇ ಕಡೆಯಿಂದ. ಒಂದೂವರೆ ಮೈಲಿಯ ಟ್ರ್ಯಾಕ್‌ಗಳಲ್ಲಿ ಇದು ಅದ್ಭುತ. ಮೊದಲ ವರ್ಷವೇ 19 ಬೇರೆ ಬೇರೆ ಡ್ರೈವರ್‌ಗಳು ಗೆದ್ದರು. 2024ರ ಮೇನಲ್ಲಿ ಕ್ಯಾನ್ಸಸ್‌ನಲ್ಲಿ ಲಾರ್ಸನ್ ಮತ್ತು ಕ್ರಿಸ್ ಬುಷರ್ ನಡುವಿನ ಅಂತರ 0.001 ಸೆಕೆಂಡ್, ಇಡೀ ಚರಿತ್ರೆಯಲ್ಲೇ ಅಷ್ಟು ಹತ್ತಿರದ ಮುಕ್ತಾಯ ನಾಸ್ಕಾರ್‌ನ ಅತಿ ದೊಡ್ಡ ಸರಣಿಯಾದ ಕಪ್ ರೇಸ್‌ನಲ್ಲಿ ಇನ್ನೊಂದಿಲ್ಲ. ಆದರೆ ಅರ್ಧ ಮೈಲಿಯ ಸಣ್ಣ ಟ್ರ್ಯಾಕ್‌ಗೆ ಬಂದರೆ ಇದೇ ಕಾರು ಕಷ್ಟ ಕೊಡುತ್ತದೆ. ಟೈರ್ ಅಗಲ, ಹಿಡಿತ ಜಾಸ್ತಿ, ಎಂಜಿನ್ ಶಕ್ತಿ ಕಡಿಮೆ. ತಿರುವಿನಲ್ಲಿ ಸ್ವಲ್ಪ ತಪ್ಪಿದರೂ ಗೇರ್ ಇಳಿಸಿ ಸುಧಾರಿಸಿಕೊಳ್ಳಬಹುದು. ಮುಂದಿನ ಕಾರಿನ ಹಿಂದೆ ಗಾಳಿ ಕದಡಿರುತ್ತದೆ, ಹತ್ತಿರ ಹೋದವನ ಕಾರು ತಿರುಗುವುದಿಲ್ಲ. ಎಲ್ಲರೂ ಒಂದೇ ವೇಗ, ಯಾರೂ ತಪ್ಪು ಮಾಡುವುದಿಲ್ಲ, ಹಾಗಾದರೆ ದಾಟುವುದು ಹೇಗೆ? ಮಾರ್ಟಿನ್ಸ್‌ವಿಲ್‌ನಂಥ ಒಳ್ಳೆಯ ಜಾಗದಲ್ಲಿ ನೂರು ಸುತ್ತು ಮೆರವಣಿಗೆ ನೋಡಿದರೆ ಹೊಟ್ಟೆ ಉರಿಯುತ್ತದೆ. 2022ರಲ್ಲಿ ಚಾಸ್ಟೇನ್ ಅಲ್ಲಿ ಕೊನೆಯ ಸುತ್ತಿನಲ್ಲಿ ಕಾರನ್ನು ಗೋಡೆಗೇ ಒತ್ತಿ ಪೂರ್ತಿ ವೇಗದಲ್ಲಿ ಐದು ಕಾರು ದಾಟಿದ್ದನ್ನು ನೀವು ವಿಡಿಯೋದಲ್ಲಿ ನೋಡಿರುತ್ತೀರಿ. ನೋಡಲು ರೋಮಾಂಚನ. ಆದರೆ ಅದನ್ನು ಮುಂದೆ ಮಾಡಬಾರದು ಅಂದದ್ದು ಸರಿಯಾದ ತೀರ್ಮಾನ, ಗ್ಯಾಲರಿಯ ಬೇಲಿ ಆ ಗೋಡೆಯ ಮೇಲೇ ಇರುತ್ತದೆ ಅಲ್ವಾ.

ಹಾಗಾದರೆ ಸಣ್ಣ ಟ್ರ್ಯಾಕ್‌ಗೆ ಮದ್ದು ಏನು? ಉತ್ತರ 2024ರ ಮಾರ್ಚ್‌ನಲ್ಲಿ ಬ್ರಿಸ್ಟಲ್‌ನಲ್ಲೇ ಸಿಕ್ಕಿತ್ತು. ಅವತ್ತು ಯಾರೂ ಎಣಿಸದಷ್ಟು ಬೇಗ ಟೈರ್ ಸವೆಯಿತು. ಕಾಲು ಒತ್ತಿದವನು ಕೆಲವೇ ಸುತ್ತಿನಲ್ಲಿ ಹಿಂದೆ ಬಿದ್ದ, ತಡೆದುಕೊಂಡು ಓಡಿಸಿದವನು ಮುಂದೆ ಬಂದ. 54 ಸಲ ಮುಂಚೂಣಿ ಬದಲಾಯಿತು, ಸಣ್ಣ ಟ್ರ್ಯಾಕ್‌ಗೆ ಅದು ದಾಖಲೆ. ಹ್ಯಾಮ್ಲಿನ್ ಗೆದ್ದರು, ಅವರ ವಯಸ್ಸಿನ ಅನುಭವ ಆ ದಿನ ಕೆಲಸಕ್ಕೆ ಬಂತು. ಇದು ರೇಸ್ ಅಲ್ಲ, ನಿಧಾನಕ್ಕೆ ಓಡಿಸುವ ಸ್ಪರ್ಧೆ ಅಂದವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಬಲಗಾಲಿನ ಹತೋಟಿಯಲ್ಲಿ ಯಾರು ಮೇಲು ಅಂತ ಕಂಡ ದಿನ ಅದು. 2026ರಿಂದ ಒಂದೂವರೆ ಮೈಲಿಗಿಂತ ಸಣ್ಣ ಟ್ರ್ಯಾಕ್‌ಗಳಲ್ಲಿ ಶಕ್ತಿಯನ್ನು 670ರಿಂದ 750 ಹಾರ್ಸ್‌ಪವರ್‌ಗೆ ಏರಿಸಿದ್ದಾರೆ. ಒಳ್ಳೆಯ ಹೆಜ್ಜೆ, ಇನ್ನೂ ಏರಿಸಲಿ. ಆದರೆ ಟೈರ್ ಬೇಗ ಸವೆಯುವಂತೆ ಮಾಡದೆ ಬರೀ ಶಕ್ತಿ ಕೊಟ್ಟರೆ ಅರ್ಧ ಕೆಲಸವಷ್ಟೇ.

ಡೇಟೋನಾ, ಟ್ಯಾಲಡೇಗಾದಂಥ ದೊಡ್ಡ ಟ್ರ್ಯಾಕ್‌ಗಳ ಬಗ್ಗೆ ಒಂದೇ ದೂರು. ಪೆಟ್ರೋಲ್ ಉಳಿಸುವ ಆಟ. ಪಿಟ್‌ನಲ್ಲಿ ಕಡಿಮೆ ಹೊತ್ತು ನಿಲ್ಲಬೇಕು ಅಂತ ಎಲ್ಲರೂ ಅರ್ಧ ಕಾಲು ಒತ್ತಿ ಮೂರು ಸಾಲಿನಲ್ಲಿ ಸುಮ್ನೆ ಸಾಗುತ್ತಾರೆ. ನೋಡುವವರಿಗೆ ಭಾರಿ ಪೈಪೋಟಿ ಅನ್ನಿಸುತ್ತದೆ, ಸ್ಕ್ಯಾನರ್ ಹಾಕಿಕೊಂಡರೆ "ಉಳಿಸು, ಉಳಿಸು" ಅನ್ನುವುದೇ ಕೇಳುತ್ತದೆ.

ಜನ ಬರುತ್ತಿಲ್ಲ ಅನ್ನುವ ಮಾತಿಗೆ ಬರೋಣ. ಇದು ಅರ್ಧ ನಿಜ. ಬ್ರಿಸ್ಟಲ್‌ನಲ್ಲಿ ಒಂದು ಕಾಲಕ್ಕೆ ಸುಮಾರು 1,60,000 ಆಸನ ಇದ್ದವು. 1982ರಿಂದ ಸತತ 55 ರೇಸ್‌ಗೆ ಟಿಕೆಟ್ ಪೂರ್ತಿ ಮಾರಾಟವಾಗಿತ್ತು, ಮನೆಯಲ್ಲಿ ಆಸ್ತಿಯ ಹಾಗೆ ಸೀಟನ್ನು ಮಕ್ಕಳಿಗೆ ಬಿಟ್ಟುಹೋಗುತ್ತಿದ್ದರು ಅಂತ ಹಳಬರು ಹೇಳುತ್ತಾರೆ. 2010ರಲ್ಲಿ ಆ ಸರಣಿ ಮುರಿಯಿತು. 1994ರಲ್ಲಿ ಇಂಡಿಯಾನಪೊಲಿಸ್‌ನ ಮೊದಲ ನಾಸ್ಕಾರ್ ರೇಸ್‌ಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. 2008ರಲ್ಲಿ ಅಲ್ಲೇ ಟೈರ್‌ಗಳು ಹತ್ತು ಹನ್ನೆರಡು ಸುತ್ತಿಗಿಂತ ಹೆಚ್ಚು ತಾಳದೆ, ಪದೇ ಪದೇ ಹಳದಿ ಬಾವುಟ ತೋರಿಸಿ ರೇಸ್ ಮುಗಿಸಬೇಕಾಯಿತು. ಆ ಗಾಯ ಬೇಗ ಮಾಯಲಿಲ್ಲ. ಅದೇ ವರ್ಷ ಆರ್ಥಿಕ ಕುಸಿತ. ದುಡಿಯುವ ಜನರ ಆಟ ಇದು, ಕೆಲಸ ಹೋದಾಗ ಮೊದಲು ನಿಲ್ಲುವುದು ರೇಸ್ ಪ್ರಯಾಣವೇ. ಇನ್ನೊಂದು ಕಾರಣವನ್ನು ಹಳಬರು ಈಗಲೂ ಮರೆತಿಲ್ಲ. ದಕ್ಷಿಣದ ಹಳೆಯ ಊರುಗಳಿಂದ ರೇಸ್ ಕಿತ್ತುಕೊಂಡು ಹೊಸ ಮಾರುಕಟ್ಟೆಗೆ ಕೊಟ್ಟರು. ನಾರ್ತ್ ವಿಲ್ಕ್ಸ್‌ಬರೋ 1996ಕ್ಕೆ ನಿಂತಿತು, ರಾಕಿಂಗ್‌ಹ್ಯಾಮ್ 2004ಕ್ಕೆ. ಲೇಬರ್ ಡೇ ವಾರಾಂತ್ಯದ ಡಾರ್ಲಿಂಗ್ಟನ್ ರೇಸನ್ನು ಬೇರೆ ಊರಿಗೆ ಸಾಗಿಸಿ, ತಪ್ಪು ತಿಳಿದು 2015ರಲ್ಲಿ ವಾಪಸ್ ತಂದರು. ಜೆಫ್ ಗಾರ್ಡನ್, ಟೋನಿ ಸ್ಟೀವರ್ಟ್, ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಒಬ್ಬರ ಹಿಂದೆ ಒಬ್ಬರು ನಿವೃತ್ತರಾದಾಗ ಅವರ ಜೊತೆ ಅವರ ಅಭಿಮಾನಿಗಳೂ ಎದ್ದುಹೋದರು.

ಆದರೆ ಈಗ ಖಾಲಿ ಅಲ್ಲ. ಡೇಟೋನಾದವರು 40 ಕೋಟಿ ಡಾಲರ್ ಖರ್ಚು ಮಾಡಿ 2016ಕ್ಕೆ ಕ್ರೀಡಾಂಗಣ ಹೊಸದಾಗಿ ಕಟ್ಟಿದಾಗ ಆಸನಗಳನ್ನು ಸುಮಾರು 1,01,500ಕ್ಕೆ ಇಳಿಸಿ ಅಗಲ ಮಾಡಿದರು. ಈಚಿನ ವರ್ಷಗಳಲ್ಲಿ ಡೇಟೋನಾ 500 ಟಿಕೆಟ್ ವಾರಗಳ ಮೊದಲೇ ಮುಗಿಯುತ್ತಿದೆ. ನಾರ್ತ್ ವಿಲ್ಕ್ಸ್‌ಬರೋಗೆ 2023ರಲ್ಲಿ ಕಪ್ ಕಾರುಗಳು ಮರಳಿದಾಗ ಜನ ಮುಗಿಬಿದ್ದರು. ಒಂದು ಲಕ್ಷ ಜನ ಬರುವ ಆಟವನ್ನು ಸಾಯುತ್ತಿದೆ ಅನ್ನಬೇಡಿ. ನಾಸ್ಕಾರ್ ಪ್ರೇಕ್ಷಕರ ಲೆಕ್ಕ ಹೇಳುವುದನ್ನೇ ನಿಲ್ಲಿಸಿ ವರ್ಷಗಳಾದವು, ಅದು ಮಾತ್ರ ನನಗೆ ಇಷ್ಟವಾಗದ ಸಂಗತಿ. ಲೆಕ್ಕ ಹೇಳಿದರೆ ಊಹಾಪೋಹ ನಿಲ್ಲುತ್ತದೆ.

ಹೋಗುವವರಿಗೆ ಉಪಯೋಗದ ಮಾತು. ಈ ಆಟದ ಅತಿ ದೊಡ್ಡ ಗುಣ, ನಿಮ್ಮ ಊಟ ನೀವೇ ತರಬಹುದು. 14 ಇಂಚಿನ ಮೆತ್ತನೆ ಕೂಲರ್ ಬ್ಯಾಗ್ ಒಳಗೆ ಬಿಡುತ್ತಾರೆ, ಗಾಜು ಬೇಡ. ನಾವು ಪುಳಿಯೋಗರೆ, ಚಪಾತಿ ಪಲ್ಯ, ಮಜ್ಜಿಗೆ ತೆಗೆದುಕೊಂಡು ಹೋಗುತ್ತೇವೆ. ಎಷ್ಟು ದೊಡ್ಡ ಕ್ರೀಡಾಂಗಣಗಳಲ್ಲಿ ಹೀಗೆ ಬಿಡುತ್ತಾರೆ ಹೇಳಿ. ಶಾರ್ಲೆಟ್‌ನಲ್ಲಿ 12 ವರ್ಷದವರೆಗಿನ ಮಕ್ಕಳಿಗೆ 10 ಡಾಲರ್ ಟಿಕೆಟ್ ಇಟ್ಟಿದ್ದಾರೆ. ಮಕ್ಕಳ ಕಿವಿಗೆ ದಪ್ಪ ಇಯರ್‌ಮಫ್ ಹಾಕದೆ ಒಳಗೆ ಕಾಲಿಡಬೇಡಿ, ಹತ್ತಿ ಸಾಲದು. ಅಗ್ಗ ಅಂತ ಕೆಳಗಿನ ಸಾಲು ತೆಗೆದುಕೊಂಡರೆ ಬೇಲಿಯ ಆಚೆ ಬಣ್ಣದ ಗೆರೆ ಹಾದುಹೋಗುವುದಷ್ಟೇ ಕಾಣುತ್ತದೆ. ಎಷ್ಟು ಮೇಲೆ ಕೂತರೆ ಅಷ್ಟು ಚೆನ್ನ. ಹೊರ ಊರಿನ ರೇಸ್‌ಗೆ ಹೋಟೆಲ್ ಮಾತ್ರ ತಿಂಗಳುಗಟ್ಟಲೆ ಮೊದಲೇ ಹಿಡಿಯಿರಿ. ರೇಸ್ ವಾರ ಬಂತು ಅಂದರೆ ಮಾಮೂಲಿ ರೂಮಿಗೆ ದುಪ್ಪಟ್ಟಿಗಿಂತ ಜಾಸ್ತಿ ಕೇಳಿ, ಎರಡು ರಾತ್ರಿಗೆ ಕಡ್ಡಾಯ ಅನ್ನುವ ಹೋಟೆಲ್ ನನಗೂ ಗಂಟುಬಿದ್ದಿತ್ತು. ಜನ ಬರುವುದನ್ನು ತಡೆಯುವುದರಲ್ಲಿ ಟಿಕೆಟ್‌ಗಿಂತ ಇದರ ಪಾಲು ದೊಡ್ಡದು.

ನಮ್ಮವರು ಮೆಲ್ಲಗೆ ಕೇಳುವ ಇನ್ನೊಂದು ಪ್ರಶ್ನೆ, "ನಮ್ಮಂಥವರು ಹೋದರೆ ಹೇಗೆ ನೋಡ್ತಾರೆ?" ನಾಸ್ಕಾರ್ 2020ರಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣದ ರಾಜ್ಯಗಳ ಕಾನ್ಫೆಡರೇಟ್ ಬಾವುಟವನ್ನು ತನ್ನ ಟ್ರ್ಯಾಕ್‌ಗಳಲ್ಲಿ ನಿಷೇಧಿಸಿತು. 2025ರಲ್ಲಿ ಇಂಡಿಯಾನಪೊಲಿಸ್‌ನಲ್ಲಿ ಕಪ್ಪು ಜನಾಂಗದ ಡ್ರೈವರ್ ಬಬ್ಬಾ ವಾಲೆಸ್ ಗೆದ್ದಾಗ ಗ್ಯಾಲರಿ ಎದ್ದು ನಿಂತಿತ್ತು. ನನ್ನ ಅನುಭವದಲ್ಲಿ ಪಕ್ಕದ ಸೀಟಿನವರು ಯಾವ ಡ್ರೈವರ್ ನಿಮ್ಮವರು ಅಂತ ಕೇಳುತ್ತಾರೆ, ಸ್ಕ್ಯಾನರ್ ಹೇಗೆ ತಿರುಗಿಸಬೇಕು ಅಂತ ತೋರಿಸುತ್ತಾರೆ, ಪುಳಿಯೋಗರೆ ರುಚಿ ನೋಡುತ್ತಾರೆ. ಮನೆಮಂದಿಯನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ.

ಟಿವಿಯಲ್ಲಿ ನೋಡುವವರ ಪಾಡು ವಾರಕ್ಕೊಂದು ಥರ. 2025ರಿಂದ ಫಾಕ್ಸ್, ಅಮೆಜಾನ್ ಪ್ರೈಮ್, ಟಿಎನ್‌ಟಿ, ಎನ್‌ಬಿಸಿ ಹಂಚಿಕೊಂಡಿವೆ. ಪ್ರೈಮ್‌ನ ಐದು ರೇಸ್‌ಗಳೇ ನನಗೆ ಹೆಚ್ಚು ಹಿಡಿಸಿದವು. ಮುಗಿದ ಮೇಲೂ ಅವಸರ ಇಲ್ಲದೆ ಡ್ರೈವರ್‌ಗಳ ಜೊತೆ ಕೂತು ಮಾತಾಡುತ್ತಾರೆ. ಬೇರೆ ಕಡೆ ಎಷ್ಟೋ ಸಲ ಜಾಹೀರಾತು ಮುಗಿಯುವಷ್ಟರಲ್ಲಿ ಮುಂದಿದ್ದವನೇ ಬದಲಾಗಿರುತ್ತಾನೆ. ಜೆಫ್ ಗ್ಲಕ್ ಅನ್ನುವ ಪತ್ರಕರ್ತರು ಪ್ರತಿ ರೇಸ್ ಆದ ಮೇಲೆ "ಇದು ಒಳ್ಳೆಯ ರೇಸಾ?" ಅಂತ ಅಭಿಮಾನಿಗಳ ವೋಟ್ ತೆಗೆದುಕೊಳ್ಳುತ್ತಾರೆ. ಹೌದು, ಇಲ್ಲ, ಎರಡೇ ಉತ್ತರ. ಟಿವಿಯಲ್ಲಿ ನೋಡಿ "ಇಲ್ಲ" ಒತ್ತಿದವರಲ್ಲಿ ಎಷ್ಟೋ ಜನ ಟ್ರ್ಯಾಕ್‌ನಲ್ಲಿ ಕೂತಿದ್ದರೆ "ಹೌದು" ಅನ್ನುತ್ತಿದ್ದರು ಅನ್ನುವುದು ನನ್ನ ನಂಬಿಕೆ.

ಮೊದಲ ರೇಸ್ ಯಾವುದು ಅಂತ ಕೇಳಿದರೆ, ಚಿಕ್ಕ ಮಕ್ಕಳಿದ್ದರೆ ಶಾರ್ಲೆಟ್ 600 ಬೇಡ, ರಾತ್ರಿ ತುಂಬಾ ಹೊತ್ತಾಗುತ್ತದೆ. ಮಾರ್ಟಿನ್ಸ್‌ವಿಲ್‌ಗೆ ಹೋಗಿ. ಶಾರ್ಲೆಟ್‌ನಿಂದ ಸುಮಾರು ಎರಡು ಗಂಟೆ ದಾರಿ, ಟ್ರ್ಯಾಕ್ ಸಣ್ಣದು, ಎಲ್ಲಿ ಕೂತರೂ ಪೂರ್ತಿ ಕಾಣುತ್ತದೆ, ಗೆದ್ದವರಿಗೆ ಆಳೆತ್ತರದ ಗಡಿಯಾರ ಕೊಡುವುದನ್ನೂ ನೋಡಬಹುದು. ದೊಡ್ಡವರೇ ಹೋಗುವುದಾದರೆ ಸೆಪ್ಟೆಂಬರ್‌ನ ಬ್ರಿಸ್ಟಲ್ ರಾತ್ರಿ ರೇಸ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಮೇಲಿನ ಸಾಲು, ಒಂದು ಸ್ಕ್ಯಾನರ್, ಎರಡು ಹೆಡ್‌ಫೋನ್. ಗುಡ್ಡದ ದಾರಿಯಲ್ಲಿ ಟ್ರಾಫಿಕ್ ಸಿಕ್ಕೇ ಸಿಗುತ್ತದೆ, ಮಧ್ಯಾಹ್ನವೇ ತಲುಪಿಬಿಡಿ.